ಭೂಮಿಯ ಅತಿ ಹಳೆಯ ಖನಿಜ ಇರುವ ಕಲ್ಲನ್ನು ಸಂಗ್ರಹಿಸುವುದು ಹೇಗೆ?

ಕಲ್ಲು, ಖನಿಜ ಕೂಡಿಡುವ ಹವ್ಯಾಸ ಇರುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಭೂಮಿಯ ಮೇಲಿನ ಅತಿ ಹಳೆಯ ಖನಿಜ ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕಿದೆಯಂತೆ, ಅದಿರುವ ಕಲ್ಲಿನ ಒಂದು ತುಂಡು ನಮಗೂ ಬೇಕು, ಹೇಗೆ ತರೋದು? ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನೀವು ಹುಡುಕುತ್ತಿರುವ ಖನಿಜ ಬರಿಗಣ್ಣಿಗೆ ಕಾಣುವುದಿಲ್ಲ. ಕೈಯಲ್ಲಿ ಹಿಡಿದ ಕಲ್ಲಿನೊಳಗೆ ಅದು ಇದೆಯೋ ಇಲ್ಲವೋ ಅಂತ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಈ ಮಾದರಿಯ ಬೆಲೆ ಇರುವುದು ಕಲ್ಲಿನ ಅಂದದಲ್ಲಿ ಅಲ್ಲ. ಯಾವ ಜಾಗದಿಂದ, ಯಾವ ಪದರದಿಂದ, ಯಾರ ಅನುಮತಿ ಪಡೆದು ತಂದಿರಿ ಎಂಬ ದಾಖಲೆಯಲ್ಲಿ. ಕೆಳಗಿನ ಹಂತಗಳಲ್ಲಿ ಆ ದಾಖಲೆಯ ಮಾತು ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ.

ಹಂತ 1: ಏನನ್ನು ಹುಡುಕುತ್ತಿದ್ದೀರಿ ಅಂತ ಸರಿಯಾಗಿ ತಿಳಿದುಕೊಳ್ಳಿ

ಕಲ್ಲು ಬೇರೆ, ಖನಿಜ ಬೇರೆ. ಕಲ್ಲು ಅಂದರೆ ಹಲವು ಖನಿಜಗಳ ಕಣಗಳು ಒಟ್ಟಿಗೆ ಕೂಡಿ ಗಟ್ಟಿಯಾದದ್ದು. ಜ್ಯಾಕ್ ಹಿಲ್ಸ್‌ನಲ್ಲಿ ಹಳೆಯದು ಕಲ್ಲಲ್ಲ, ಅದರೊಳಗಿನ ಜಿರ್ಕಾನ್ ಎಂಬ ಖನಿಜದ ಕಣ. ಜಿರ್ಕೋನಿಯಂ, ಸಿಲಿಕಾನ್, ಆಮ್ಲಜನಕ ಸೇರಿ ಆದ ಹರಳು ಇದು. ಬಹಳ ಗಟ್ಟಿ, ಸುಲಭಕ್ಕೆ ಸವೆಯುವುದಿಲ್ಲ, ಬಿಸಿಗೂ ಬೇಗ ಬಗ್ಗುವುದಿಲ್ಲ.

ನಡೆದದ್ದು ಹೀಗೆ. ಭೂಮಿ ಹುಟ್ಟಿ ಸ್ವಲ್ಪ ಕಾಲಕ್ಕೇ ಕರಗಿದ ಶಿಲೆ ತಣ್ಣಗಾಗುವಾಗ ಈ ಹರಳುಗಳು ಬೆಳೆದವು. ಅವು ಹುಟ್ಟಿದ ಮೂಲ ಬಂಡೆ ಸವೆದು ಮಣ್ಣಾಗಿ ಮಾಯವಾಯಿತು. ಹರಳುಗಳು ಮಾತ್ರ ಉಳಿದು, ನೀರಿನಲ್ಲಿ ಉರುಳಿ, ಮರಳು ಮತ್ತು ಗುಂಡುಕಲ್ಲುಗಳ ಜೊತೆ ಒಂದು ಕಡೆ ಬಂದು ನಿಂತವು. ಸುಮಾರು 300 ಕೋಟಿ ವರ್ಷದ ಹಿಂದೆ ಆ ರಾಶಿ ಗಟ್ಟಿಯಾಗಿ ಹೊಸ ಕಲ್ಲಾಯಿತು. ಆಮೇಲೆ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿತು. ಗುಂಡುಕಲ್ಲುಗಳು ಸೇರಿ ಆದ ಇಂಥ ಕಲ್ಲಿಗೆ ಕಾಂಗ್ಲಾಮರೇಟ್ ಅನ್ನುತ್ತಾರೆ. ನಿಮ್ಮ ಕೈಗೆ ಸಿಗುವುದು ಇದು. ಅಂದರೆ 300 ಕೋಟಿ ವರ್ಷದ ಕಲ್ಲು, ಅದರೊಳಗೆ ಅದಕ್ಕಿಂತ ನೂರು ಕೋಟಿ ವರ್ಷಕ್ಕೂ ಹೆಚ್ಚು ಹಳೆಯದಾದ ಕೆಲವು ಕಣ.

ಈ ಕಥೆ ಹೊರಬಂದದ್ದು ಹಂತ ಹಂತವಾಗಿ. 1983ರಲ್ಲಿ ಹತ್ತಿರದ ಮೌಂಟ್ ನ್ಯಾರಿಯರ್‌ನ ಕಲ್ಲಿನಲ್ಲಿ 400 ಕೋಟಿ ವರ್ಷ ದಾಟಿದ ಜಿರ್ಕಾನ್ ಮೊದಲ ಬಾರಿಗೆ ಸಿಕ್ಕಿತು. 1986ರಲ್ಲಿ ಕಾಂಪ್‌ಸ್ಟನ್ ಮತ್ತು ಪಿಜನ್ ಎಂಬ ವಿಜ್ಞಾನಿಗಳು ಜ್ಯಾಕ್ ಹಿಲ್ಸ್‌ನ 140 ಕಣಗಳನ್ನು ಪರೀಕ್ಷಿಸಿದರು. ಅದರಲ್ಲಿ 17 ಕಣಗಳು 400 ಕೋಟಿ ವರ್ಷ ಮೀರಿದ್ದವು, ಒಂದರ ವಯಸ್ಸು 427 ಕೋಟಿ 60 ಲಕ್ಷ. 2001ರಲ್ಲಿ ಸೈಮನ್ ವೈಲ್ಡ್, ಜಾನ್ ವ್ಯಾಲಿ ಮತ್ತು ಅವರ ಜೊತೆಗಾರರು 440 ಕೋಟಿ 40 ಲಕ್ಷ ವರ್ಷದ ಕಣವನ್ನು ಪ್ರಕಟಿಸಿದರು. 2014ರಲ್ಲಿ ವ್ಯಾಲಿ ಅವರ ತಂಡ ಇನ್ನೊಂದು ಕಣದೊಳಗಿನ ಸೀಸದ ಪರಮಾಣುಗಳನ್ನೇ ಒಂದೊಂದಾಗಿ ಗುರುತಿಸಿ 437 ಕೋಟಿ 40 ಲಕ್ಷ ಎಂಬ ವಯಸ್ಸನ್ನು ಗಟ್ಟಿ ಮಾಡಿತು. ಭೂಮಿಯ ವಯಸ್ಸೇ ಸುಮಾರು 454 ಕೋಟಿ ಅಲ್ವಾ? ಈ ಕಣ ಹುಟ್ಟಿದಾಗ ಭೂಮಿ ಇನ್ನೂ ಕೂಸು.

ಇಲ್ಲಿ ಆಗುವ ತಪ್ಪು: ಮಾದರಿಯ ಚೀಟಿಯಲ್ಲಿ "440 ಕೋಟಿ ವರ್ಷದ ಕಲ್ಲು" ಅಂತ ಬರೆಯುವುದು. ಮಾರುವವರೂ ಹೀಗೆ ಬರೆಯುತ್ತಾರೆ, ಕೊಂಡವರೂ ನಂಬುತ್ತಾರೆ. ಇಡೀ ಕಲ್ಲೇ ಹಳೆಯದಾಗಿರಬೇಕು ಅನ್ನುವುದು ನಿಮ್ಮ ಆಸೆಯಾದರೆ ಕೆನಡಾದ ವಾಯವ್ಯ ಪ್ರಾಂತ್ಯದ ಅಕಾಸ್ಟಾ ನೈಸ್ ಹುಡುಕಿ. ಅದು ಸುಮಾರು 403 ಕೋಟಿ ವರ್ಷ ಹಳೆಯ ಪಟ್ಟೆಪಟ್ಟೆ ಬಂಡೆ. ಅದರ ದಾರಿ ಬೇರೆ, ನಿಯಮ ಬೇರೆ. ಈ ಲೇಖನ ಜ್ಯಾಕ್ ಹಿಲ್ಸ್‌ಗೆ ಮಾತ್ರ.

ಹಂತ 2: ಹೊರಡುವ ಮೊದಲು ಅನುಮತಿ

ಈ ಹಂತವನ್ನು ಹಾರಿಸಿ ಮುಂದೆ ಹೋಗಬೇಡಿ. ಅಲ್ಲಿ ನೋಡಿದರೆ ಕಣ್ಣು ಹಾಯಿಸಿದಷ್ಟು ದೂರ ಬೇಲಿ ಇಲ್ಲ, ಮನುಷ್ಯರಿಲ್ಲ. ಹಾಗಂತ ಅದು ಯಾರದ್ದೂ ಅಲ್ಲದ ಜಾಗ ಅಲ್ಲ. ಒಂದೇ ನೆಲದ ಮೇಲೆ ನಾಲ್ಕು ಬಗೆಯ ಹಕ್ಕು ಇರಬಹುದು.

ಮೊದಲನೆಯದು ಸರ್ಕಾರ. ಪಶ್ಚಿಮ ಆಸ್ಟ್ರೇಲಿಯಾದ 1978ರ ಗಣಿ ಕಾಯ್ದೆಯಡಿ ಹವ್ಯಾಸಿಗಳು ಕಲ್ಲು, ಖನಿಜ ಹುಡುಕಲು "ಮೈನರ್ಸ್ ರೈಟ್" ಎಂಬ ಪರವಾನಗಿ ಪಡೆಯಬೇಕು. ರಾಜ್ಯದ ಗಣಿ ಇಲಾಖೆ ಕೊಡುತ್ತದೆ, ಒಂದು ಸಲ ಶುಲ್ಕ ಕಟ್ಟಿದರೆ ಆಯಿತು. ಜೊತೆಗೆ ಬರುವ ಷರತ್ತುಗಳನ್ನು ಪೂರ್ತಿ ಓದಿ. ಎಷ್ಟು ತೂಕ ತೆಗೆಯಬಹುದು, ಯಾವ ಉಪಕರಣ ಬಳಸಬಹುದು ಎಲ್ಲವೂ ಅದರಲ್ಲಿದೆ.

ಎರಡನೆಯದು ಸ್ಟೇಷನ್. ಅಲ್ಲಿ ಸ್ಟೇಷನ್ ಅಂದರೆ ದನ, ಕುರಿ ಮೇಯಿಸಲು ಸರ್ಕಾರದಿಂದ ಗುತ್ತಿಗೆಗೆ ಪಡೆದ ದೊಡ್ಡ ಜಮೀನು. ಗುತ್ತಿಗೆದಾರರಿಗೆ ಮುಂಚೆಯೇ ಬರೆದು, ಅವರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಫೋನಿನಲ್ಲಿ ಹೂಂ ಅಂದದ್ದು ಸಾಲದು.

ಮೂರನೆಯದು ಗಣಿ ಕಂಪನಿ. ಜ್ಯಾಕ್ ಹಿಲ್ಸ್‌ನಲ್ಲಿ ಕಬ್ಬಿಣದ ಅದಿರೂ ಇದೆ, ಆದ್ದರಿಂದ ಬೆಟ್ಟಸಾಲಿನ ಮೇಲೆ ಗಣಿ ಹಕ್ಕುಗಳಿವೆ. ಯಾವ ತುಂಡು ಯಾರ ಹೆಸರಿನಲ್ಲಿದೆ ಅಂತ ತಿಳಿಯಲು ರಾಜ್ಯ ಸರ್ಕಾರದ ಟೆನ್‌ಗ್ರಾಫ್ ಎಂಬ ಆನ್‌ಲೈನ್ ನಕ್ಷೆ ಇದೆ. ನೀವು ಹೋಗಬೇಕಾದ ಜಾಗ ಯಾರದ್ದೋ ಹಕ್ಕಿನೊಳಗೆ ಬಂದರೆ ಅವರ ಒಪ್ಪಿಗೆಯೂ ಬೇಕು.

ನಾಲ್ಕನೆಯದು ಆ ನೆಲದ ಮೂಲ ಜನ, ವಜಾರಿ ಯಮಾಜಿ ಸಮುದಾಯ. ಅವರ ಪವಿತ್ರ ಜಾಗಗಳು, ಹಳೆಯ ಕಲ್ಲಿನ ಆಯುಧಗಳು, ಬಂಡೆ ಚಿತ್ರಗಳು ಇವೆಲ್ಲಕ್ಕೂ 1972ರ ಮೂಲನಿವಾಸಿ ಪರಂಪರೆ ಕಾಯ್ದೆಯ ರಕ್ಷಣೆ ಇದೆ. ಸಮುದಾಯದ ಪ್ರತಿನಿಧಿ ಸಂಸ್ಥೆಗೆ ಮುಂಚೆಯೇ ತಿಳಿಸಿ. ಯಾವ ಕಡೆ ಕಾಲಿಡಬಾರದು ಅಂತ ಅವರು ಹೇಳುತ್ತಾರೆ. ಹೇಳಿದರೆ ಅಲ್ಲಿಗೆ ಮಾತು ಮುಗಿಯಿತು, ಚೌಕಾಸಿ ಬೇಡ. ಚೂಪಾಗಿ ಕೆತ್ತಿದಂತೆ ಕಾಣುವ ಕಲ್ಲಿನ ಚೂರು ನೆಲದ ಮೇಲೆ ಕಂಡರೆ ಮುಟ್ಟದೆ ಬಿಡಿ.

ಇನ್ನೊಂದು ಮುಖ್ಯ ವಿಷಯ. ಆ ಹಳೆಯ ಕಣಗಳು ಸಿಕ್ಕ ಮೂಲ ಜಾಗ ಎರಾವೊಂಡೂ ಬೆಟ್ಟದಲ್ಲಿದೆ. ಸಂಶೋಧಕರು ಅದನ್ನು "ಡಬ್ಲ್ಯೂ 74" ಎಂಬ ಮಾದರಿ ಸಂಖ್ಯೆಯಿಂದ ಕರೆಯುತ್ತಾರೆ. ಅಂತರರಾಷ್ಟ್ರೀಯ ಭೂವಿಜ್ಞಾನ ಒಕ್ಕೂಟ 2022ರಲ್ಲಿ ಪ್ರಕಟಿಸಿದ ಜಗತ್ತಿನ ಮೊದಲ 100 ಭೂಪರಂಪರೆ ತಾಣಗಳಲ್ಲಿ ಇದೂ ಒಂದು. ಅಲ್ಲಿ ಸುತ್ತಿಗೆ ಎತ್ತಬೇಡಿ. ಅನುಮತಿ ಸಿಗುತ್ತದೋ ಇಲ್ಲವೋ ಎಂಬ ಪ್ರಶ್ನೆ ಆಮೇಲಿನದು. ಆ ಬಂಡೆ ಚಿಕ್ಕದು, ಪ್ರಪಂಚದ ಪ್ರಯೋಗಾಲಯಗಳೆಲ್ಲ ಅದನ್ನೇ ನಂಬಿಕೊಂಡಿವೆ. ಹವ್ಯಾಸಿಗಳು ತಲಾ ಒಂದು ತುಂಡು ಒಡೆದರೆ ಉಳಿಯುವುದು ಏನು? ಇದೇ ಕಲ್ಲಿನ ಪಟ್ಟಿ ಬೆಟ್ಟಸಾಲಿನಲ್ಲಿ ಬೇರೆ ಕಡೆಯೂ ಕಾಣುತ್ತದೆ. ನೀವು ಅಲ್ಲಿಗೆ ಅನುಮತಿ ಕೇಳಿ.

ಹಂತ 3: ಪ್ರಯಾಣ ಮತ್ತು ಸಾಮಾನು

ಜ್ಯಾಕ್ ಹಿಲ್ಸ್ ಪರ್ತ್ ನಗರದಿಂದ ಉತ್ತರಕ್ಕೆ ಸುಮಾರು 800 ಕಿಲೋಮೀಟರ್. ಮೀಕತಾರ ಎಂಬ ಊರು ದಾಟಿದ ಮೇಲೆ ಬರೀ ಮಣ್ಣಿನ ರಸ್ತೆ. ಬೇಸಿಗೆಯಲ್ಲಿ ಅಂದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಹೋಗಿ. ಮಳೆ ಬಿದ್ದರೆ ರಸ್ತೆ ಮುಚ್ಚುತ್ತಾರೆ, ಮುಚ್ಚಿದ ರಸ್ತೆಯಲ್ಲಿ ಗಾಡಿ ಓಡಿಸಿದರೆ ದಂಡ. ಹೊರಡುವ ದಿನ ಬೆಳಿಗ್ಗೆ ಸ್ಥಳೀಯ ಆಡಳಿತದ ರಸ್ತೆ ಸೂಚನೆ ನೋಡಿ.

ನಾಲ್ಕೂ ಚಕ್ರಕ್ಕೆ ಶಕ್ತಿ ಇರುವ ಗಾಡಿ, ಎರಡು ಸ್ಟೆಪ್ನಿ, ತಲೆಗೆ ದಿನಕ್ಕೆ 10 ಲೀಟರ್ ನೀರು, ಸ್ಯಾಟಲೈಟ್ ಫೋನ್ ಇವು ಇರಲೇಬೇಕು. ಮೊಬೈಲ್ ಸಿಗ್ನಲ್ ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಒಂಟಿಯಾಗಿ ಹೋಗಬೇಡಿ. ಯಾವ ದಿನ ವಾಪಸ್ ಬರುತ್ತೀರಿ ಅಂತ ಒಬ್ಬರಿಗೆ ಹೇಳಿ ಹೋಗಿ.

ಕಲ್ಲಿನ ಕೆಲಸಕ್ಕೆ ಬೇಕಾದ್ದು ಕಡಿಮೆ. ಒಂದೂವರೆ ಕಿಲೋದ ಸುತ್ತಿಗೆ, ಉಳಿ, ಕಣ್ಣಿಗೆ ಕನ್ನಡಕ, ದಪ್ಪ ಕೈಗವಸು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಜಿಪಿಎಸ್, ನೋಟ್‌ಬುಕ್, ಪೆನ್ಸಿಲ್, ಅಳಿಯದ ಮಾರ್ಕರ್, ದಪ್ಪ ಪ್ಲಾಸ್ಟಿಕ್ ಚೀಲ, ಹಳೆಯ ಪೇಪರ್. ಮನೆಯಲ್ಲಿ ಮೊಳೆ ಹೊಡೆಯುವ ಸುತ್ತಿಗೆ ತರಬೇಡಿ. ಈ ಕಲ್ಲಿಗೆ ಬಡಿದರೆ ಅದರ ಉಕ್ಕೇ ಚೂರಾಗಿ ಮುಖಕ್ಕೆ ಸಿಡಿಯಬಹುದು. ಭೂವಿಜ್ಞಾನಿಗಳು ಬಳಸುವ ಸುತ್ತಿಗೆಯೇ ಬೇಕು.

ಹಂತ 4: ಸರಿಯಾದ ಕಲ್ಲನ್ನು ಗುರುತಿಸುವುದು

ಇಲ್ಲಿ ನಿಧಾನ ಮಾಡಿ. ಅರ್ಧ ದಿನ ಸುಮ್ನೆ ನಡೆದು ನೋಡಿ, ಸುತ್ತಿಗೆ ಚೀಲದಲ್ಲೇ ಇರಲಿ.

ನಿಮಗೆ ಬೇಕಾದ ಕಲ್ಲು ಹೊರಗಿನಿಂದ ಮಾಸಲು ಕಂದು ಬಣ್ಣ, ಬಿಸಿಲಿಗೆ ಸುಟ್ಟ ಹಾಗೆ. ಹೊಸದಾಗಿ ಒಡೆದ ಮುಖ ಮಾತ್ರ ಬೂದು ಬಿಳಿ. ಅದರಲ್ಲಿ ಬೆಣಚುಕಲ್ಲಿನ ಉರುಟು ತುಂಡುಗಳು ಒತ್ತೊತ್ತಾಗಿ ಕೂತಿರುತ್ತವೆ. ಆದರೆ ಪೂರ್ತಿ ಗುಂಡಗಿಲ್ಲ. ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗೆ ಉದ್ದವಾಗಿ, ಬಾದಾಮಿಯ ಆಕಾರಕ್ಕೆ ಬಂದಿರುತ್ತವೆ. ಒತ್ತಡಕ್ಕೆ ಸಿಕ್ಕಿ ಹಿಗ್ಗಿದ ಗುರುತು ಇದು. ಈ ತುಂಡುಗಳ ನಡುವೆ ಸಕ್ಕರೆಯಂತೆ ಹೊಳೆಯುವ ಸಣ್ಣ ಮರಳಿನ ಭಾಗ ಇರುತ್ತದೆ. ಭೂತಗನ್ನಡಿ ಹಿಡಿದು ಆ ಭಾಗವನ್ನು ನೋಡಿ. ಅಲ್ಲಲ್ಲಿ ಪಚ್ಚೆ ಹಸಿರು ಚಕ್ಕೆಗಳು ಮಿಣುಗುತ್ತವೆ. ಅದು ಫ್ಯೂಕ್ಸೈಟ್, ಅಂದರೆ ಕ್ರೋಮಿಯಂ ಸೇರಿ ಹಸಿರಾದ ಕಾಗೆಬಂಗಾರ. ಇದನ್ನೇ ಜಿರ್ಕಾನ್ ಅಂದುಕೊಂಡು ಸಂಭ್ರಮಿಸುವವರು ಬಹಳ. ಅಲ್ಲ. ಜಿರ್ಕಾನ್ ಕಣಗಳು ಹೆಚ್ಚಾಗಿ 0.1ರಿಂದ 0.3 ಮಿಲಿಮೀಟರ್ ಅಷ್ಟೇ ಇರುತ್ತವೆ, ಸಣ್ಣ ರವೆಯ ಕಾಳಿಗಿಂತ ಚಿಕ್ಕವು. ಕಲ್ಲಿನೊಳಗೆ ಕೂತಿರುವಾಗ ಅವು ಕಾಣುವುದಿಲ್ಲ.

ಹಾಗಾದರೆ ಎಲ್ಲಿ ಜಾಸ್ತಿ ಇರುತ್ತವೆ ಅಂತ ಊಹಿಸುವುದು ಹೇಗೆ? ನೀರು ಮರಳನ್ನು ಹೊತ್ತು ತರುವಾಗ ಹಗುರವಾದದ್ದು ಮುಂದೆ ಹೋಗುತ್ತದೆ, ಭಾರವಾದದ್ದು ಒಂದು ಕಡೆ ತಂಗುತ್ತದೆ. ಜಿರ್ಕಾನ್ ಭಾರದ ಖನಿಜ. ಅದರ ಜೊತೆಗೆ ಕ್ರೋಮೈಟ್‌ನಂಥ ಕಪ್ಪು, ಭಾರದ ಕಣಗಳೂ ತಂಗುತ್ತವೆ. ಹಾಗಾಗಿ ಬೆಣಚಿನ ತುಂಡುಗಳ ನಡುವಿನ ಮರಳಿನ ಭಾಗದಲ್ಲಿ ಪೆನ್ಸಿಲ್ ಗೆರೆ ಎಳೆದಂತೆ ತೆಳುವಾದ ಕಪ್ಪು ಎಳೆ ಕಂಡರೆ ಆ ತುಂಡು ಆರಿಸಿ. ಬರೀ ದೊಡ್ಡ ಬಿಳಿ ಗುಂಡುಗಳೇ ತುಂಬಿದ ತುಂಡು ಕಣ್ಣಿಗೆ ಚೆಂದ, ಆದರೆ ಜಿರ್ಕಾನ್ ಸಿಗುವ ಸಾಧ್ಯತೆ ಕಡಿಮೆ.

ಒಂದು ಎಚ್ಚರಿಕೆ. ಬೆಟ್ಟಸಾಲು ಒಂದೇ ಆದರೂ ಎಲ್ಲ ಪದರವೂ ಒಂದೇ ಅಲ್ಲ. ಕೆಲವು ಪದರಗಳಲ್ಲಿ 200 ಕೋಟಿ ವರ್ಷಕ್ಕಿಂತ ಕಿರಿಯ ಜಿರ್ಕಾನ್‌ಗಳು ಸಿಕ್ಕಿವೆ, ಅಂದರೆ ಆ ಪದರವೇ ತಡವಾಗಿ ಆದದ್ದು. ನೋಡಲು ಎಲ್ಲ ಒಂದೇ ಥರ. ಅದಕ್ಕೇ ಹೊರಡುವ ಮೊದಲು ಪಶ್ಚಿಮ ಆಸ್ಟ್ರೇಲಿಯಾದ ಭೂವೈಜ್ಞಾನಿಕ ಸಮೀಕ್ಷೆಯ ನಕ್ಷೆ ಮತ್ತು ವರದಿಗಳನ್ನು ಓದಿ, ಹಳೆಯ ಕಣಗಳು ಸಿಕ್ಕಿವೆ ಅಂತ ದಾಖಲಾದ ಪದರವನ್ನು ನಕ್ಷೆಯ ಮೇಲೆ ಗುರುತು ಮಾಡಿಕೊಳ್ಳಿ.

ಹಂತ 5: ತುಂಡು ತೆಗೆಯುವುದು

ಸಾಧ್ಯವಾದಷ್ಟೂ ಬಂಡೆಯನ್ನು ಒಡೆಯಬೇಡಿ. ಇಳಿಜಾರಿನಲ್ಲಿ ತಾನಾಗಿ ಮುರಿದು ಬಿದ್ದ ತುಂಡುಗಳು ಇರುತ್ತವೆ. ಮೇಲಿನ ಪದರದಿಂದಲೇ ಬಿದ್ದದ್ದು ಅಂತ ಖಾತ್ರಿಯಾದರೆ ಅವೇ ಸಾಕು. ಆದರೆ "ಬಿದ್ದಿದ್ದ ತುಂಡು" ಅಂತ ಬರೆದುಕೊಳ್ಳಬೇಕು. ಬಂಡೆಯಿಂದ ತೆಗೆದದ್ದಕ್ಕೂ ಬಿದ್ದು ಉರುಳಿದ್ದಕ್ಕೂ ದಾಖಲೆಯಲ್ಲಿ ವ್ಯತ್ಯಾಸವಿದೆ.

ಎಷ್ಟು ದೊಡ್ಡದು ಬೇಕು? ಎಲ್ಲ ಕಡೆ 10 ಸೆಂಟಿಮೀಟರ್ ಇರುವ ತುಂಡು ಎರಡೂವರೆ ಕಿಲೋ ದಾಟುತ್ತದೆ. ಅಷ್ಟಿದ್ದರೆ ಅರ್ಧ ಇಟ್ಟುಕೊಳ್ಳಲು, ಅರ್ಧ ಪರೀಕ್ಷೆಗೆ ಸಾಕು. ಆಸೆಗೆ ಬಿದ್ದು ಗಾಡಿ ತುಂಬ ಹೇರಿಕೊಂಡು ಬಂದವರ ಮನೆಯಲ್ಲಿ ಆ ಕಲ್ಲುಗಳು ಮೂಲೆಯಲ್ಲಿ ಧೂಳು ಹಿಡಿಯುವುದನ್ನು ನೋಡಿದ್ದೇನೆ.

ಒಂದು ಆಕಸ್ಮಿಕದ ಬಗ್ಗೆಯೂ ಹೇಳಬೇಕು. ಕರಗಿ ತಣ್ಣಗಾದಂಥ ಕಪ್ಪು ಸಿಪ್ಪೆಯ, ಗಾತ್ರಕ್ಕೆ ಮೀರಿ ಭಾರವಾದ ಕಲ್ಲು ಕಂಡರೆ ಅದು ಉಲ್ಕಾಶಿಲೆ ಆಗಿರಬಹುದು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸಿಕ್ಕ ಉಲ್ಕಾಶಿಲೆ ಕಾನೂನಿನ ಪ್ರಕಾರ ಸರ್ಕಾರದ್ದು. ಫೋಟೋ ತೆಗೆದು, ಜಾಗ ಬರೆದುಕೊಂಡು, ರಾಜ್ಯದ ವಸ್ತುಸಂಗ್ರಹಾಲಯಕ್ಕೆ ತಿಳಿಸಿ.

ಹಂತ 6: ಅಲ್ಲೇ, ಆಗಲೇ ಬರೆದುಕೊಳ್ಳಿ

ಸಂಜೆ ಟೆಂಟಿನಲ್ಲಿ ಕೂತು ಬರೆಯೋಣ ಅನ್ನಬೇಡಿ. ಸಂಜೆಗೆ ಎಲ್ಲ ಕಲ್ಲೂ ಒಂದೇ ಥರ ಕಾಣುತ್ತದೆ.

ಕಲ್ಲನ್ನು ಎತ್ತುವ ಮೊದಲು ಎರಡು ಫೋಟೋ. ಒಂದು ದೂರದಿಂದ, ಸುತ್ತಲಿನ ಬಂಡೆ ಕಾಣುವ ಹಾಗೆ. ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಆಮೇಲೆ ಜಿಪಿಎಸ್ ಅಂಕಿ ಬರೆಯಿರಿ. ಅಂಕಿ ಯಾವ ಪದ್ಧತಿಯದ್ದು ಅಂತಲೂ ಬರೆಯಿರಿ. ಆಸ್ಟ್ರೇಲಿಯಾದ ನಕ್ಷೆಗಳಲ್ಲಿ ಹಳೆಯ ಮತ್ತು ಹೊಸ ಅಳತೆ ಪದ್ಧತಿಗಳಿವೆ. ಒಂದರ ಅಂಕಿಯನ್ನು ಇನ್ನೊಂದರ ನಕ್ಷೆಯಲ್ಲಿ ಗುರುತಿಸಿದರೆ ಜಾಗ ಸರಿದುಹೋಗುತ್ತದೆ. ತೀರಾ ಹಳೆಯ ನಕ್ಷೆಯಾದರೆ 200 ಮೀಟರ್‌ವರೆಗೂ ಸರಿಯಬಹುದು. ಅಷ್ಟರಲ್ಲಿ ಪದರವೇ ಬದಲಾಗಿರುತ್ತದೆ.

ನಂತರ ಸಂಖ್ಯೆ. ಕಲ್ಲಿನ ಮೇಲೆ ಮಾರ್ಕರ್‌ನಿಂದ ಒಂದು ಸಲ, ಚೀಲದ ಹೊರಗೆ ಒಂದು ಸಲ, ಒಳಗೆ ಹಾಕುವ ಚೀಟಿಯಲ್ಲಿ ಒಂದು ಸಲ, ನೋಟ್‌ಬುಕ್‌ನಲ್ಲಿ ಒಂದು ಸಲ. ನಾಲ್ಕು ಸಲ ಬರೆಯುವುದು ಅತಿ ಅನ್ನಿಸಬಹುದು, ಆದರೂ ಬರೆಯಿರಿ. ಚೀಟಿಗೆ ಪೆನ್ಸಿಲ್ ಬಳಸಿ, ಇಂಕ್ ಬೇಡ. ನಾನು ಹವ್ಯಾಸ ಶುರು ಮಾಡಿದ ಕಾಲದಲ್ಲಿ ಒಂದು ಮಾದರಿಯ ಚೀಟಿ ತೇವಕ್ಕೆ ಕದಡಿ ನೀಲಿ ಕಲೆಯಾಗಿ ಹೋಯಿತು. ಆ ಕಲ್ಲು ಈಗಲೂ ನನ್ನ ಹತ್ತಿರ ಇದೆ. ಸಂಗ್ರಹದಲ್ಲಿ ಇಲ್ಲ, ಕಾಗದ ಹಾರದ ಹಾಗೆ ಮೇಜಿನ ಮೇಲಿದೆ. ಎಲ್ಲಿಯದು ಅಂತ ಹೇಳಲಾಗದ ಕಲ್ಲಿಗೆ ಬೇರೆ ಜಾಗ ಕೊಡಲು ಮನಸ್ಸು ಒಪ್ಪಲಿಲ್ಲ.

ಹಂತ 7: ತೊಳೆದು, ಕಟ್ಟಿ, ಸಾಗಿಸುವುದು

ನೀರು ಮತ್ತು ಗಟ್ಟಿ ಬ್ರಷ್ ಸಾಕು. ಆಸಿಡ್ ಹಾಕಿ ಹೊಳಪು ಬರಿಸಬೇಡಿ. ಸಂದಿಯಲ್ಲಿ ಮಣ್ಣು ಉಳಿಯಬಾರದು, ಇದು ಅಂದಕ್ಕಾಗಿ ಅಲ್ಲ. ಮಣ್ಣಿನ ಜೊತೆ ಬೀಜ, ಕೀಟ ಬರುತ್ತವೆ ಅಂತ ಬಹಳ ದೇಶಗಳು ಮಣ್ಣು ಅಂಟಿದ ಕಲ್ಲನ್ನು ಗಡಿಯಲ್ಲೇ ತಡೆಯುತ್ತವೆ.

ಆಸ್ಟ್ರೇಲಿಯಾದಿಂದ ಹೊರಗೆ ಒಯ್ಯುವುದಾದರೆ 1986ರ ಚರ ಸಾಂಸ್ಕೃತಿಕ ಪರಂಪರೆ ರಕ್ಷಣಾ ಕಾಯ್ದೆ ನೋಡಿ. ಹೆಸರು ಸಾಂಸ್ಕೃತಿಕ ಅಂತಿದ್ದರೂ ಕೆಲವು ಬಗೆಯ ಖನಿಜ, ಪಳೆಯುಳಿಕೆ, ಉಲ್ಕಾಶಿಲೆ ಕೂಡ ಅದರೊಳಗೆ ಬರುತ್ತವೆ. ನಿಮ್ಮ ತುಂಡಿಗೆ ಪರವಾನಗಿ ಬೇಕೇ ಅಂತ ಇಮೇಲ್‌ನಲ್ಲಿ ಕೇಳಿ, ಬಂದ ಉತ್ತರದ ಪ್ರತಿಯನ್ನು ಪೆಟ್ಟಿಗೆಯಲ್ಲಿ ಇಡಿ. ಸುತ್ತಿಗೆ, ಉಳಿ ವಿಮಾನದಲ್ಲಿ ಕೈಚೀಲದಲ್ಲಿ ಇರಬಾರದು.

ಹಂತ 8: ಜಿರ್ಕಾನ್ ಕಣ್ಣಿಗೆ ಕಾಣಬೇಕಾದರೆ

ಇದು ಕಡ್ಡಾಯವಲ್ಲ. ಕಲ್ಲನ್ನು ಹಾಗೇ ಇಟ್ಟುಕೊಂಡರೂ ಮಾದರಿ ಪೂರ್ಣವೇ. ಆದರೆ ಒಂದೇ ಒಂದು ಕಣವನ್ನಾದರೂ ನೋಡಬೇಕು ಅನ್ನುವವರಿಗೆ ದಾರಿ ಇದೆ. ಮೊದಲು ಕಲ್ಲನ್ನು ಎರಡು ಭಾಗ ಮಾಡಿ, ಒಂದನ್ನು ಮುಟ್ಟದೆ ತೆಗೆದಿಡಿ.

ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಲ್ಲಿನಲ್ಲಿ ಬಹುಪಾಲು ಬೆಣಚು. ಅದರ ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಎಂಬ ಕಾಯಿಲೆ ಬರುತ್ತದೆ, ಬಂದರೆ ವಾಸಿಯಾಗುವುದಿಲ್ಲ. ಒಣಗಿದ ಕಲ್ಲನ್ನು ಕುಟ್ಟಬೇಡಿ. ನೀರು ಹಾಕಿಕೊಂಡು, ಮನೆಯ ಹೊರಗೆ, ಎನ್95 ಮಾಸ್ಕ್ ಹಾಕಿಕೊಂಡು ಕುಟ್ಟಿ. ಬಟ್ಟೆ ಮಾಸ್ಕ್ ಇದಕ್ಕೆ ಸಾಲದು.

ಕುಟ್ಟಲು ಉಕ್ಕಿನ ಕುಟ್ಟಾಣಿ ಬೇಕು. ಪುಡಿ ಮಾಡುವುದು ಗುರಿಯಲ್ಲ. ಮರಳು ಮರಳಾಗಿ ಬಿಡಿಸುವುದು ಗುರಿ, ಅರೆದರೆ ಜಿರ್ಕಾನ್ ಕೂಡ ಒಡೆಯುತ್ತದೆ. ಸ್ವಲ್ಪ ಕುಟ್ಟಿ, ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಸೋಸಿ, ಮೇಲೆ ಉಳಿದದ್ದನ್ನು ಮಾತ್ರ ಮತ್ತೆ ಕುಟ್ಟಿ.

ಆಮೇಲೆ ಜಾಲಿಸುವುದು. ಅಕ್ಕಿಯಲ್ಲಿ ಕಲ್ಲು ಜಾಲಿಸಿದ ಹಾಗೇ. ಅಗಲ ಬಟ್ಟಲಿಗೆ ಮರಳು, ನೀರು ಹಾಕಿ ಓಲಾಡಿಸಿದರೆ ಹಗುರದ್ದು ನೀರಿನ ಜೊತೆ ಅಂಚಿಗೆ ಬರುತ್ತದೆ, ಭಾರದ್ದು ತಳದಲ್ಲಿ ನಿಲ್ಲುತ್ತದೆ. ಬೆಣಚು ನೀರಿಗಿಂತ 2.65 ಪಟ್ಟು ಭಾರ, ಜಿರ್ಕಾನ್ ಸುಮಾರು 4.6 ಪಟ್ಟು. ಆ ವ್ಯತ್ಯಾಸವೇ ನಿಮ್ಮ ಆಸರೆ. ಅಂಚಿಗೆ ಬಂದದ್ದನ್ನು ಇನ್ನೊಂದು ಪಾತ್ರೆಗೆ ಇಳಿಸಿ, ಚೆಲ್ಲಬೇಡಿ. ಮೊದಲ ಸಲ ಕೈ ತಪ್ಪಿ ಜಿರ್ಕಾನ್ ಕೂಡ ಹೋಗಿರುತ್ತದೆ, ಎರಡನೇ ಸಲ ಜಾಲಿಸಿದರೆ ಸಿಗುತ್ತದೆ. ಪ್ರಯೋಗಾಲಯಗಳಲ್ಲಿ ಇದಕ್ಕೆ ಭಾರದ ದ್ರವಗಳನ್ನು ಬಳಸುತ್ತಾರೆ. ಬ್ರೋಮೋಫಾರ್ಮ್ ಅಂಥದ್ದು, ಅದು ವಿಷ, ಮನೆಯಲ್ಲಿ ಬೇಡವೇ ಬೇಡ.

ತಳದಲ್ಲಿ ಉಳಿಯುವುದು ಒಂದು ಚಿಟಿಕೆ ಕಪ್ಪು ಮರಳು. ಒಣಗಿಸಿ, ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಮೇಲೆ ಆಡಿಸಿ. ಕುಟ್ಟಾಣಿಯ ಉಕ್ಕಿನ ಚೂರು, ಕಬ್ಬಿಣದ ಅಂಶದ ಕಣಗಳು ಅಂಟಿಕೊಂಡು ಬರುತ್ತವೆ. ಉಳಿದದ್ದನ್ನು 40 ಪಟ್ಟು ದೊಡ್ಡದು ಮಾಡುವ ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಬೆಳಕು ಓರೆಯಾಗಿ ಬೀಳಲಿ. ಕಪ್ಪು ಕಣಗಳ ನಡುವೆ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವ ಕಣಗಳನ್ನು ಹುಡುಕಿ. ಗುಲಾಬಿ, ನೇರಳೆ ಕೆಂಪು, ತಿಳಿ ಕಂದು. ಮೂಲೆಗಳು ಸವೆದು ಉರುಟಾಗಿರುತ್ತವೆ, ಮೈಮೇಲೆ ಸಣ್ಣ ಸಣ್ಣ ಗುಳಿ. ನೀರಿನಲ್ಲಿ ಉರುಳಿದ ಗುರುತುಗಳು ಅವು, 300 ಕೋಟಿ ವರ್ಷವಾದರೂ ಹೋಗಿಲ್ಲ. ತೇವ ಮಾಡಿದ ಸಣ್ಣ ಕುಂಚದ ತುದಿಯಿಂದ ಒಂದೊಂದನ್ನೇ ಎತ್ತಿ ಗಾಜಿನ ಸೀಸೆಗೆ ಹಾಕಿ. ಉಸಿರು ಬಿಗಿ ಹಿಡಿದು ಮಾಡುವ ಕೆಲಸ, ಫ್ಯಾನ್ ಹಾಕಬೇಡಿ.

ಇಲ್ಲಿ ಎಲ್ಲರೂ ಮಾಡುವ ದೊಡ್ಡ ತಪ್ಪು ಕಲಬೆರಕೆ. ಹಿಂದೆ ಕುಟ್ಟಿದ ಬೇರೆ ಕಲ್ಲಿನ ಒಂದು ಕಣ ಜರಡಿಯ ಕಣ್ಣಿನಲ್ಲಿ ಸಿಕ್ಕಿಕೊಂಡಿದ್ದರೂ ಲೆಕ್ಕವೆಲ್ಲ ಕೆಟ್ಟಿತು. ಪ್ರತಿ ಮಾದರಿಗೂ ಹೊಸ ಜರಡಿ ಬಟ್ಟೆ ಹಾಕಿ, ಕುಟ್ಟಾಣಿ ತೊಳೆದು ಒಣಗಿಸಿ.

ಹಂತ 9: ವಯಸ್ಸು ಗೊತ್ತಾಗುವುದು ಹೇಗೆ

ಬಣ್ಣ ನೋಡಿ ವಯಸ್ಸು ಹೇಳಲಾಗದು. ಜಿರ್ಕಾನ್ ಬೆಳೆಯುವಾಗ ಸ್ವಲ್ಪ ಯುರೇನಿಯಂ ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ. ಯುರೇನಿಯಂ 238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ, ಯುರೇನಿಯಂ 235ಕ್ಕೆ ಸುಮಾರು 70 ಕೋಟಿ. ಒಂದೇ ಕಣದೊಳಗೆ ಎರಡು ಗಡಿಯಾರ ಇದ್ದ ಹಾಗೆ. ಎರಡೂ ಒಂದೇ ಸಮಯ ತೋರಿಸಿದರೆ ಆ ವಯಸ್ಸನ್ನು ನಂಬಬಹುದು. ಬೇರೆ ಬೇರೆ ತೋರಿಸಿದರೆ ಹೆಚ್ಚಾಗಿ ನಡುವೆ ಸೀಸ ಸೋರಿಹೋಗಿದೆ ಅಂತ ಅರ್ಥ.

ಇದನ್ನು ಅಳೆಯುವ ಯಂತ್ರಗಳಲ್ಲಿ ಹೆಸರಾದದ್ದು ಶ್ರಿಂಪ್. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಬಿಲ್ ಕಾಂಪ್‌ಸ್ಟನ್ ಅವರ ತಂಡ ರೂಪಿಸಿದ್ದು. ಕಣವನ್ನು ಅಂಟಿನಲ್ಲಿ ಕೂರಿಸಿ, ಅರ್ಧಕ್ಕೆ ಉಜ್ಜಿ ಒಳಭಾಗ ತೆರೆದು, ಸುಮಾರು 20ರಿಂದ 30 ಮೈಕ್ರಾನ್ ಅಗಲದ ಚುಕ್ಕೆಯಲ್ಲಿ ಅಳೆಯುತ್ತಾರೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು. ಕಣದ ತಿರುಳು ಹಳೆಯದು, ಹೊರಪದರ ಆಮೇಲೆ ಬೆಳೆದದ್ದು ಆಗಿರಬಹುದು, ಹಾಗಾಗಿ ಚುಕ್ಕೆ ಎಲ್ಲಿ ಬಿತ್ತು ಅನ್ನುವುದು ಮುಖ್ಯ.

ಎಷ್ಟು ಕಣ ಕಳಿಸಬೇಕು ಅಂತ ಕೇಳುತ್ತೀರಿ. ಲೆಕ್ಕ ಹಾಕೋಣ. ನಿಮ್ಮ ಕಲ್ಲಿನಲ್ಲಿ ನೂರಕ್ಕೆ ಮೂರು ಕಣ 400 ಕೋಟಿ ಮೀರಿದವು ಅಂತ ಇಟ್ಟುಕೊಳ್ಳಿ. 30 ಕಣ ಪರೀಕ್ಷಿಸಿದರೆ ಒಂದೂ ಹಳೆಯದು ಸಿಗದಿರುವ ಸಾಧ್ಯತೆ ನೂರಕ್ಕೆ 40. ನೂರು ಕಣ ಪರೀಕ್ಷಿಸಿದರೆ ಅದು 5ಕ್ಕೆ ಇಳಿಯುತ್ತದೆ. ಹತ್ತು ಕಣ ಕಳಿಸಿ "ನನ್ನ ಕಲ್ಲಿನಲ್ಲಿ ಇಲ್ಲ" ಅಂತ ಬೇಸರ ಮಾಡಿಕೊಳ್ಳುವವರು ಈ ಲೆಕ್ಕ ನೋಡಬೇಕು. ಪರೀಕ್ಷೆ ದುಬಾರಿ. ನಿಮ್ಮ ದಾಖಲೆ ಚೆನ್ನಾಗಿದ್ದರೆ ಭೂವಿಜ್ಞಾನ ವಿಭಾಗವಿರುವ ಯಾವುದಾದರೂ ವಿಶ್ವವಿದ್ಯಾಲಯಕ್ಕೆ ಬರೆದು ಕೇಳಿ ನೋಡಿ.

ಹೋಗಲಾಗದವರು ಕೊಳ್ಳುವಾಗ

ಎಲ್ಲರಿಗೂ ಅಷ್ಟು ದೂರ ಹೋಗಲು ಆಗುವುದಿಲ್ಲ, ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಮಾರುವವರನ್ನು ಮೂರು ಪ್ರಶ್ನೆ ಕೇಳಿ. ಯಾವ ಜಾಗ, ಅಂಕಿ ಸಮೇತ? ಯಾರು, ಯಾವ ವರ್ಷ, ಯಾರ ಅನುಮತಿಯಿಂದ ತೆಗೆದರು? ಈ ಕಲ್ಲಿನ ಕಣಗಳ ವಯಸ್ಸು ಅಳೆದಿದ್ದಾರಾ, ಅಳೆದಿದ್ದರೆ ವರದಿ ಎಲ್ಲಿ? "ಎರಾವೊಂಡೂ ಬೆಟ್ಟದ ಮೂಲ ಬಂಡೆಯದ್ದು" ಅಂತ ಹೆಮ್ಮೆಯಿಂದ ಹೇಳಿದರೆ ಕೊಳ್ಳಬೇಡಿ. ನೀವು ಕೊಂಡರೆ ನಾಳೆ ಇನ್ನೊಂದು ತುಂಡು ಒಡೆಯುತ್ತಾರೆ.

ಹೆಬ್ಬೆರಳು ಗಾತ್ರದ ಹೊಳೆಯುವ ಜಿರ್ಕಾನ್ ಹರಳು ತೋರಿಸಿ "ಆಸ್ಟ್ರೇಲಿಯಾದ ಅತಿ ಹಳೆಯ ಜಿರ್ಕಾನ್" ಅಂದರೆ ಅದು ಹೆಚ್ಚಾಗಿ ಮಡ್ ಟ್ಯಾಂಕ್ ಎಂಬಲ್ಲಿಯದು, ಉತ್ತರ ಪ್ರಾಂತ್ಯದ್ದು. ಬಹಳ ಚೆಂದದ ಹರಳು, ಆದರೆ ವಯಸ್ಸು ಸುಮಾರು 73 ಕೋಟಿ ವರ್ಷ ಅಷ್ಟೇ.

ಹಂತ 10: ಕಾರ್ಡ್ ಬರೆಯುವುದು

ಕಲ್ಲಿನ ಕಾಣದ ಬದಿಯಲ್ಲಿ ಬಿಳಿ ಬಣ್ಣದ ಚಿಕ್ಕ ಚುಕ್ಕೆ ಇಟ್ಟು, ಒಣಗಿದ ಮೇಲೆ ಕಪ್ಪು ಇಂಕ್‌ನಲ್ಲಿ ಸಂಖ್ಯೆ ಬರೆದು, ಮೇಲೆ ತೆಳುವಾಗಿ ವಾರ್ನಿಷ್ ಹಚ್ಚಿ. ಕಾರ್ಡ್ ಕಳೆದರೂ ಸಂಖ್ಯೆ ಉಳಿಯುತ್ತದೆ. ಅನುಮತಿ ಪತ್ರಗಳ ಪ್ರತಿಗೂ ಅದೇ ಸಂಖ್ಯೆ ಹಾಕಿ. ಕಾರ್ಡಿನಲ್ಲಿ ಹೀಗಿರಲಿ:

ಸಂಖ್ಯೆ: 1
ಕಲ್ಲು: ರೂಪ ಬದಲಾದ ಕಾಂಗ್ಲಾಮರೇಟ್, ಬೆಣಚಿನ ಗುಂಡುಗಳು, ಫ್ಯೂಕ್ಸೈಟ್ ಇದೆ
ಜಾಗ: ಜ್ಯಾಕ್ ಹಿಲ್ಸ್, ಪಶ್ಚಿಮ ಆಸ್ಟ್ರೇಲಿಯಾ (ಜಿಪಿಎಸ್ ಅಂಕಿ, ಅಳತೆ ಪದ್ಧತಿ)
ತೆಗೆದದ್ದು: ಇಳಿಜಾರಿನಲ್ಲಿ ಬಿದ್ದಿದ್ದ ತುಂಡು, ದಿನಾಂಕ, ತೆಗೆದವರ ಹೆಸರು
ಅನುಮತಿ: ಯಾರಿಂದ, ಯಾವ ದಿನ
ಕಲ್ಲಿನ ವಯಸ್ಸು: ಸುಮಾರು 300 ಕೋಟಿ ವರ್ಷ
ಜಿರ್ಕಾನ್: ಇದೇ ಬೆಟ್ಟಸಾಲಿನಲ್ಲಿ 400 ಕೋಟಿ ವರ್ಷ ಮೀರಿದ ಕಣಗಳು ದಾಖಲಾಗಿವೆ. ಈ ತುಂಡಿನ ಕಣಗಳ ವಯಸ್ಸು ಇನ್ನೂ ಅಳೆದಿಲ್ಲ.

ಆ ಕೊನೆಯ ಸಾಲನ್ನು ಬಿಡಬೇಡಿ. ಅಳೆದ ದಿನ ಅದನ್ನು ಅಳಿಸದೆ, ಕೆಳಗೆ ಹೊಸ ಸಾಲು ಸೇರಿಸಿ ದಿನಾಂಕ ಹಾಕಿ.